ಬಸ್ಸು ನಿಲ್ಲಿಸಿ ಊಟ ಹಾಕುವ ದೇಶ

ಕೆಂಗೇರಿಯಿಂದ ಕೊಲಂಬೊ

ಕೆಂಗೇರಿ ಉಪನಗರದ ನಮ್ಮ ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಲು ಎರಡೂವರೆ ಗಂಟೆ ಹಿಡಿಯಿತು. ಅಲ್ಲಿಂದ ಹೊರದೇಶ ಮುಟ್ಟಲು ಒಂದೂವರೆ ಗಂಟೆ ಸಾಕಾಯಿತು. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ನಿಂತ ಹೊತ್ತಿನಲ್ಲಿ ಅರ್ಧ ಸಮುದ್ರ ದಾಟಬಹುದಿತ್ತಲ್ಲ ಎಂದುಕೊಂಡು ನಾನು ಒಬ್ಬಳೇ ನಗುತ್ತಿದ್ದೆ. ಐವತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿದವಳಿಗೆ ನಗಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಕಿಟಕಿ ಪಕ್ಕದ ಸೀಟಿಗಾಗಿ ಗಂಡನ ಜೊತೆ ಜಗಳವಾಡಿ ಗೆದ್ದಿದ್ದೆ. ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೂ ಕತ್ತು ಈ ಕಡೆ ತಿರುಗಿಸಲಿಲ್ಲ.

ವಿಜಯನಗರದ ಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದ ದಿನವೇ ನಾನು ಮನೆಯಲ್ಲಿ ಘೋಷಿಸಿದ್ದೆ: ಒಂದು ಸಲ ಸಮುದ್ರ ದಾಟಬೇಕು. ನಮ್ಮವರು ಅಟ್ಲಾಸ್ ಬಿಡಿಸಿ, ಅತ್ಯಂತ ಹತ್ತಿರದ ದೇಶದ ಮೇಲೆ ಬೆರಳಿಟ್ಟು, “ಇದೂ ಸಮುದ್ರದ ಆಚೇನೇ ತಾನೆ? ಬೇಗ ಹೋಗಿ ಬೇಗ ಬಂದ್ಬಿಡೋಣ” ಎಂದರು. ಹಾಗೆ ಶ್ರೀಲಂಕಾ ನಿಕ್ಕಿಯಾಯಿತು.

ನಮ್ಮವರ ಹೆಸರು ಶಿವಾನಂದ. ನಗರ ಸಾರಿಗೆಯಲ್ಲಿ ಕಂಟ್ರೋಲರ್ ಆಗಿದ್ದವರು. ಬಸ್ ನಿಲ್ದಾಣದಲ್ಲಿ ಗಡಿಯಾರ ನೋಡುತ್ತ, ವಿಷಲ್ ಊದುತ್ತ ಆಯುಷ್ಯ ಕಳೆದವರು. ಬಸ್ಸು ಎರಡು ನಿಮಿಷ ತಡವಾದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಸೇರಿದರೂ ಮನೆಯ ಅನ್ನ ಮಾತ್ರ. ಹೋಟೆಲು, ಮದುವೆ ಮನೆ, ನೆಂಟರ ಮನೆ ಎಲ್ಲಿಯೂ ಅವರು ಕೈ ತೊಳೆದವರಲ್ಲ. ಮದುವೆಯಾದ ಹೊಸತರಲ್ಲಿ ನನ್ನ ತವರಿಗೆ ಬರುವಾಗಲೂ ಬುತ್ತಿ ಕಟ್ಟಿಕೊಂಡು ಬಂದಿದ್ದರು ಎಂದರೆ ತಿಳಿದುಕೊಳ್ಳಿ. ರಾಣೆಬೆನ್ನೂರಿನ ಮಡಿವಂತ ಮನೆತನ, ಅಜ್ಜಿ ಕಲಿಸಿದ ಆಚಾರ ಎಂದು ನಾನೂ ಕೆದಕಿರಲಿಲ್ಲ. ನಾನೋ, ಯಾರು ಕೊಟ್ಟರೂ ತಿನ್ನುವವಳು. ರಾಮನವಮಿಯ ದಿನ ರಾಜಾಜಿನಗರದಿಂದ ವಿಜಯನಗರದ ತನಕ ನಡೆದು, ಸಿಕ್ಕಿದ ಪ್ರತಿ ಪೆಂಡಾಲಿನಲ್ಲೂ ಪಾನಕ, ಮಜ್ಜಿಗೆ, ಕೋಸಂಬರಿ ಮುಗಿಸಿ ಬರುವುದು ನನ್ನ ವರ್ಷದ ತೀರ್ಥಯಾತ್ರೆ.

ಹೀಗಾಗಿ ನಮ್ಮ ಸಾಮಾನಿನಲ್ಲಿ ಬಟ್ಟೆಗಿಂತ ರೊಟ್ಟಿ ಹೆಚ್ಚಿತ್ತು. ಐದು ದಿನಕ್ಕಾಗುವಷ್ಟು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ. ಕೊಲಂಬೊದ ಅಧಿಕಾರಿಯೊಬ್ಬ ಒಂದು ರೊಟ್ಟಿಯನ್ನು ಎತ್ತಿ ಮೇಜಿಗೆ ಬಡಿದು ನೋಡಿದ. ಟಕ್ ಟಕ್ ಎಂದಿತು. ನಮ್ಮಿಬ್ಬರ ಮುಖ ನೋಡಿ, ಪಾಪ ಎನ್ನಿಸಿತೋ ಏನೋ, ಕಳಿಸಿಬಿಟ್ಟ.

ಡೊರೀನ್ ಆಂಟಿಯ ಮನೆ

ನಾವು ಇಳಿದುಕೊಂಡ ಮನೆಯ ಯಜಮಾನಿ ಡೊರೀನ್. ಎಪ್ಪತ್ತು ದಾಟಿದ, ದಪ್ಪ ಕನ್ನಡಕದ ಕ್ರಿಶ್ಚಿಯನ್ ಹೆಂಗಸು. ನಾವು ಹೋದಾಗ ಆಕೆ ಮರಿಯಮ್ಮನವರ ಫೋಟೋದ ಕೆಳಗೆ ನೆಲದ ಮೇಲೆ ಕೂತು, ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದಳು. ನಮ್ಮ ದೀಪಾವಳಿಯ ಆಕಾಶಬುಟ್ಟಿಯೇ.

ಮಾರನೆಯ ದಿನ ವೆಸಕ್. ನಮ್ಮ ವೈಶಾಖ ಹುಣ್ಣಿಮೆ, ಬುದ್ಧ ಹುಟ್ಟಿದ ದಿನ. “ಇದು ಬೌದ್ಧರ ಹಬ್ಬ ಅಲ್ವಾ, ನೀವು ಯಾಕೆ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಡೊರೀನ್ ಅಂಟಿನ ಕೈಯಲ್ಲೇ ಕನ್ನಡಕ ಸರಿಮಾಡಿಕೊಂಡು, ಎದುರು ಮನೆಯವಳು ತನಗಾಗಿ ಕ್ರಿಸ್ಮಸ್ ಗೋದಲಿಗೆ ಹುಲ್ಲು ತಂದುಕೊಡುತ್ತಾಳೆ, ತಾನು ಅವಳಿಗಾಗಿ ಬುಟ್ಟಿ ಕಟ್ಟುತ್ತೇನೆ ಎಂದಳು. ಅಷ್ಟು ಹೇಳಿ ಅಂಟಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಬಂದು ಅರ್ಧ ಗಂಟೆಯಾಗಿರಲಿಲ್ಲ, ನಾನು ಪರದೇಶದಲ್ಲಿ ಕೆಲಸಕ್ಕೆ ಸೇರಿದ್ದೆ.

ರಾತ್ರಿಯ ಊಟಕ್ಕೆ ಆಕೆ ಕರೆದಳು. ತೆಂಗಿನಹಾಲಿನ ಬೇಳೆ, ಬದನೆಕಾಯಿ, ಕೆಂಪಕ್ಕಿ ಅನ್ನ. ನಾನು ಎರಡು ಸಲ ಬಡಿಸಿಕೊಂಡೆ. ನಮ್ಮವರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ರೊಟ್ಟಿ ಮುರಿಯುವ ಸದ್ದು ಹೊರಗೆ ಕೇಳುತ್ತಿತ್ತು. “ನಿಮ್ಮ ಗಂಡ ಏನಾದರೂ ರಿಪೇರಿ ಮಾಡುತ್ತಿದ್ದಾರಾ?” ಎಂದು ಡೊರೀನ್ ಕೇಳಿದಳು. ಹೌದೆಂದೆ.

ಕ್ಯಾಂಡಿಯ ಬಸ್ಸು

ಬೆಳಗಿನ ಜಾವವೇ ಹೊರಟೆವು. ನಮ್ಮವರಿಗೆ ಸಕ್ಕರೆ ಕಾಯಿಲೆ. ತಿಂಡಿಗೆ ಅರ್ಧ ಗಂಟೆ ಮೊದಲು ಮಾತ್ರೆ ನುಂಗುವುದು ಅಭ್ಯಾಸ. ಬಸ್ ನಿಲ್ದಾಣದಲ್ಲಿ ಮಾತ್ರೆ ನುಂಗಿದರು, ಬಸ್ಸು ಹೊರಟ ಮೇಲೆ ರೊಟ್ಟಿ ಚೀಲ ಕೇಳಿದರು. ಚೀಲ ನಮ್ಮ ಜೊತೆ ಇರಲಿಲ್ಲ. ಡೊರೀನ್ ಮನೆಯ ಊಟದ ಮೇಜಿನ ಮೇಲೆ ನಾನೇ ಮರೆತು ಬಂದಿದ್ದೆ.

“ಇರಲಿ ಬಿಡು. ಕ್ಯಾಂಡಿಗೆ ಮೂರೂವರೆ ಗಂಟೆ. ಅಲ್ಲಿ ಹಣ್ಣು ತಗೊಂಡ್ರಾಯ್ತು” ಎಂದರು, ಗಡಿಯಾರ ನೋಡಿಕೊಂಡು.

ಆದರೆ ಅವತ್ತು ಆ ದೇಶದಲ್ಲಿ ಯಾವ ಬಸ್ಸೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗುವಂತಿರಲಿಲ್ಲ. ಹೊರಟು ಅರ್ಧ ಗಂಟೆಯಲ್ಲಿ ರಸ್ತೆಯ ನಡುವೆ ನಾಲ್ಕು ಜನ ಬಾವುಟ ಬೀಸುತ್ತ ಅಡ್ಡ ನಿಂತರು. ಮುಷ್ಕರ ಎಂದುಕೊಂಡೆ. ಡ್ರೈವರ್ ಬಸ್ಸು ಪಕ್ಕಕ್ಕೆ ಹಾಕಿದ. ಒಬ್ಬಾಕೆ ಕಿಟಕಿಗೆ ಬಂದು ನಮ್ಮ ಕಡೆ ನೋಡಿ, “ಬತ್! ಬತ್!” ಎಂದು ಕೂಗಿದಳು. ನಮ್ಮವರು ಗಾಬರಿಯಾಗಿ, “ಬಾತ್ ಅಂತಾಳಲ್ಲೇ ಗಿರಿಜಾ! ನಂದು ಬೆಳಿಗ್ಗೇನೇ ಸ್ನಾನ ಆಗಿದೆ ಅಂತ ಹೇಳು” ಎಂದರು. ನನಗೆ ಬಿಸಿಬೇಳೆಬಾತು ಕಣ್ಣ ಮುಂದೆ ಬಂತು. ನಾನೇ ಸರಿಗೆ ಹತ್ತಿರವಿದ್ದೆ. ಸಿಂಹಳದಲ್ಲಿ ಬತ್ ಎಂದರೆ ಅನ್ನ.

ಇದಕ್ಕೆ ದನ್ಸಲ ಎನ್ನುತ್ತಾರೆ. ನಮ್ಮ ದಾನಶಾಲೆಯೇ ಸವೆದು ಹಾಗಾಗಿರಬೇಕು. ವೆಸಕ್ ದಿನ ಓಣಿ ಓಣಿಯವರು ರಸ್ತೆ ಬದಿಯಲ್ಲಿ ಪೆಂಡಾಲು ಹಾಕಿ, ದಾರಿಹೋಕರನ್ನೆಲ್ಲ ತಡೆದು ಉಣಿಸುತ್ತಾರೆ. ನಮ್ಮೂರಿನ ಪಾನಕದ ಪೆಂಡಾಲಿಗೆ ನಾವಾಗಿ ಹೋಗಬೇಕು. ಇಲ್ಲಿ ಬಸ್ಸನ್ನೇ ಹಿಡಿದು ನಿಲ್ಲಿಸುತ್ತಾರೆ. ಪ್ರಯಾಣಿಕರೆಲ್ಲ ಇಳಿದು, ಸಾಲಿನಲ್ಲಿ ನಿಂತು, ತಿಂದು, ಬಾಯಿ ಒರೆಸಿಕೊಂಡು ಹತ್ತುತ್ತಾರೆ. ಎರಡು ಮೈಲಿ ಹೋದರೆ ಮತ್ತೆ ಬಾವುಟ.

ನಾನು ಮೊದಲನೆಯದರಲ್ಲಿ ಅನ್ನ, ಬೇಳೆ ತಿಂದೆ. ಎರಡನೆಯದರಲ್ಲಿ ಬೇಯಿಸಿದ ಮರಗೆಣಸಿಗೆ ತೆಂಗಿನ ತುರಿ. ಮೂರನೆಯದರಲ್ಲಿ ‘ಕಡಲ’ ಎಂದು ಕೊಟ್ಟದ್ದು ನೋಡಿದರೆ ನಮ್ಮ ಕಡಲೆಕಾಳಿನ ಉಸಲಿಯೇ. ಕುಣಿಯುವಂತಾಯಿತು. ನಾಲ್ಕನೆಯದರಲ್ಲಿ ಐಸ್ ಕ್ರೀಮ್. ಥ್ಯಾಂಕ್ಸ್ ಎನ್ನುವುದಕ್ಕೆ ಅವರು ‘ಸ್ತುತಿ’ ಎನ್ನುತ್ತಾರೆಂದು ಪಕ್ಕದ ಸೀಟಿನವಳು ಹೇಳಿಕೊಟ್ಟಳು. ಕಂಡವರನ್ನೆಲ್ಲ ಸ್ತುತಿಸುತ್ತ ಹೋದೆ. ಅಂಗಡಿಗಳ ಬೋರ್ಡುಗಳಲ್ಲಿ ಅವರ ಅಕ್ಷರ ನೋಡಿದರೆ, ಕನ್ನಡದ ಅಕ್ಷರಕ್ಕೆ ಗುಂಗುರು ಕೂದಲು ಬಂದ ಹಾಗಿತ್ತು. ಅವೆಲ್ಲವೂ ಹಬ್ಬಕ್ಕೆ ಮುಚ್ಚಿದ ಅಂಗಡಿಗಳು, ಹಣ್ಣು ಕೂಡ ಸಿಗುವುದಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ನಮ್ಮವರು ಬಸ್ಸಿನಿಂದ ಇಳಿಯಲೇ ಇಲ್ಲ. “ಒಂಬತ್ತೂವರೆಗೆ ತಲುಪಬೇಕಿತ್ತು. ಇದೇನು ಶಿಸ್ತು ಇದು? ನಮ್ಮ ನಿಲ್ದಾಣದಲ್ಲಾಗಿದ್ರೆ ಡ್ರೈವರ್‌ಗೆ ಮೆಮೊ ಕೊಡ್ತಿದ್ದೆ” ಎಂದು ಗೊಣಗುತ್ತ ಕೂತಿದ್ದರು. “ಒಂದು ತುತ್ತು ತಿನ್ರೀ” ಎಂದೆ. “ಬೇಡ ಅಂದ್ನಲ್ಲ” ಎಂದರು.

ಆ ಹೊತ್ತಿಗೆ ಡೊರೀನ್ ಫೋನು ಬಂತು. ಚೀಲ ಜೋಪಾನವಾಗಿಡಿ ಎಂದು ನಾನು ಬಾಯಿ ತೆರೆಯುವ ಮೊದಲೇ ಆಕೆ ಧನ್ಯವಾದದ ಮಳೆ ಸುರಿಸಿದಳು. ತಮ್ಮ ಬೀದಿಯ ದನ್ಸಲಕ್ಕೆಂದು ನಾವು ಇಟ್ಟುಹೋದ ದಾನ ಅದೆಂದು ತಿಳಿದು ಎಲ್ಲವನ್ನೂ ಹಂಚಿದ್ದಳಂತೆ. “ಇಂಡಿಯಾದ ಹಪ್ಪಳ ಬಹಳ ದೊಡ್ಡದು, ಬಹಳ ಚೆನ್ನಾಗಿತ್ತು. ಒಂದೂ ಉಳಿಯಲಿಲ್ಲ!”

ನಾನು ಬಿದ್ದು ಬಿದ್ದು ನಕ್ಕೆ. ನಮ್ಮವರಿಗೆ ಹೇಳೋಣವೆಂದು ತಿರುಗಿದೆ. ಅವರ ಹಣೆ, ಕತ್ತು, ಅಂಗಿ ಎಲ್ಲ ಬೆವರಿನಲ್ಲಿ ತೊಯ್ದಿತ್ತು. ಕೈ ನಡುಗುತ್ತಿತ್ತು. “ರೀ” ಎಂದೆ. ಅವರು ನನ್ನ ಮುಖ ನೋಡಿದರು, ಆದರೆ ತಾವು ಯಾರನ್ನು ನೋಡುತ್ತಿದ್ದೇವೆಂದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಹೆಸರು ಓದಲಾಗದ ಪೇಟೆ

ನಾನು ಕೂಗಿದ ಕೂಗಿಗೆ ಡ್ರೈವರ್ ತಾನಾಗಿಯೇ ಬಸ್ಸು ನಿಲ್ಲಿಸಿದ. ಗುಡ್ಡದ ಬುಡದ ಒಂದು ಸಣ್ಣ ಪೇಟೆ. ಇಬ್ಬರು ಪ್ರಯಾಣಿಕರು ನಮ್ಮವರನ್ನು ಎತ್ತಿ ಇಳಿಸಿದರು. ಎದುರಿಗೇ ಒಂದು ದಿನಸಿ ಅಂಗಡಿ, ಅದರ ಮುಂದೆ ಮೇಜು, ಮೇಜಿನ ಮೇಲೆ ಗುಲಾಬಿ ಬಣ್ಣದ ಶರಬತ್ತಿನ ಹಂಡೆ. ಸೌಟು ಹಿಡಿದು ನಿಂತಿದ್ದವರು ಬಿಳಿ ಟೋಪಿ, ನರೆತ ಗಡ್ಡದ ಸಾಹೇಬರು. ಬೌದ್ಧರ ಹಬ್ಬಕ್ಕೆ ಮುಸ್ಲಿಮರ ಶರಬತ್ತು ಎಂದು ಅಚ್ಚರಿಪಡಲು ನನಗೆ ಆಗ ಪುರುಸೊತ್ತಿರಲಿಲ್ಲ.

ಅವರಿಗೆ ತಮಿಳು ಬರುತ್ತಿತ್ತು. ನನಗೂ ಬರುತ್ತಿತ್ತು, ಆದರೆ ಅದು ವಿಜಯನಗರದ ಶಾಲೆಯ ತಮಿಳು. ಗಲಾಟೆ ಮಾಡುವ ತಮಿಳು ಮಕ್ಕಳನ್ನು ಗದರಲು ಕಲಿತದ್ದು. ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ಸಲೀಸಾಗಿ ಬರುತ್ತಿದ್ದದ್ದು ಕೂತ್ಕೋ, ಮಾತಾಡ್ಬೇಡ, ಕೈ ತೆಗಿ, ಇಷ್ಟೇ. ಗಾಬರಿಯಲ್ಲಿ ಆ ಹಿರಿಯರಿಗೆ “ಉಕ್ಕಾರು!” ಎಂದು ಗದರಿಬಿಟ್ಟೆ. ಪಾಪ, ಅವರು ಸೌಟು ಹಿಡಿದೇ ಕೂತುಬಿಟ್ಟರು. ಆಮೇಲೆ ನಮ್ಮವರ ಮುಖ ನೋಡಿದವರೇ ಎದ್ದು, “ಸಕ್ಕರೈ?” ಎಂದರು. ಮಾತ್ರೆ ನುಂಗಿ ಏನೂ ತಿನ್ನದೆ ಮೈಯ ಸಕ್ಕರೆ ಇಳಿದುಹೋಗಿತ್ತು; ಹೌದೆಂದು ತಲೆ ಆಡಿಸಿದೆ. ಒಂದೇ ನೆಗೆತಕ್ಕೆ ಬಂದು, ನಮ್ಮವರ ತಲೆಯನ್ನು ತಮ್ಮ ಎದೆಗೆ ಆನಿಸಿಕೊಂಡು, ಲೋಟವನ್ನು ತುಟಿಗೆ ಹಿಡಿದರು.

ಮೂವತ್ತನಾಲ್ಕು ವರ್ಷದಲ್ಲಿ ನನ್ನ ಗಂಡ ಹೊರಗಿನವರ ಕೈಯಲ್ಲಿ ನೀರು ಕುಡಿದದ್ದನ್ನು ನಾನು ಕಂಡಿರಲಿಲ್ಲ. ಮೊದಲ ಗುಟುಕು ಗದ್ದದ ಮೇಲೆ ಹರಿಯಿತು. ಎರಡನೆಯದು ಒಳಗೆ ಹೋಯಿತು. ಕಾಮಕಸ್ತೂರಿ ಬೀಜ ಹಾಕಿದ ಹಾಲಿನ ಶರಬತ್ತು. ಒಂದು ಲೋಟ ಮುಗಿಯಿತು. ಬಸ್ಸಿನ ಹೆಂಗಸರು ಸೆರಗಿನಿಂದ, ಛತ್ರಿಯಿಂದ, ಚಪ್ಪಲಿ ಡಬ್ಬಿಯ ಮುಚ್ಚಳದಿಂದ ಗಾಳಿ ಹಾಕುತ್ತಿದ್ದರು. ನಾನು ನಮ್ಮವರ ಪಾದ ಹಿಡಿದುಕೊಂಡು, ನಕ್ಕಿದ್ದಕ್ಕೆ, ಐಸ್ ಕ್ರೀಮ್ ತಿಂದದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಎರಡನೇ ಲೋಟ ಮುಗಿದು ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು.

“ಬಸ್ಸು ಹೋಯ್ತಾ?” ಅದೇ ಅವರ ಮೊದಲ ಮಾತು.

ಹೋಗಿರಲಿಲ್ಲ. ಅಷ್ಟೂ ಜನ ಕಾಯುತ್ತ ನಿಂತಿದ್ದರು. ಡ್ರೈವರ್ ಬಂದು ಅವರ ಕೆನ್ನೆ ತಟ್ಟಿ ಏನೋ ಹೇಳಿದ. ಶರಬತ್ತಿನ ಸಾಹೇಬರು, ರಿಜ್ವಾನ್ ಅವರ ಹೆಸರು, ಬಿಡಿಸಿ ಹೇಳಿದರು: “ಇವತ್ತು ಯಾರಿಗೂ ಅವಸರ ಇಲ್ಲ ಅಂತಾನೆ.” ಇವರಿಗೆ ವಿಶ್ರಾಂತಿ ಬೇಕು, ಬಸ್ಸು ಹೋಗಲಿ, ಸಂಜೆಗೆ ನಾನೇ ಬೇರೆ ಬಸ್ಸು ಹತ್ತಿಸುತ್ತೇನೆ ಎಂದು ರಿಜ್ವಾನ್ ಹೇಳಿದ ಮೇಲೆ ಎಲ್ಲರೂ ಕೈ ಬೀಸುತ್ತ ಹೊರಟರು.

“ಶರಬತ್ತು ಸಾಲದು, ಅನ್ನ ತಿನ್ನಬೇಕು” ಎಂದು ರಿಜ್ವಾನ್ ಪಕ್ಕದ ಪೆಂಡಾಲಿಗೆ ಕರೆದುಕೊಂಡು ಹೋದರು. ಅದು ಬೌದ್ಧ ವಿಹಾರದ ಅಂಗಳ. ನಮ್ಮವರು ಬೆಂಚಿನ ಮೇಲೆ ಕೂತು, ಎದುರಿಗೆ ಬಂದ ತಟ್ಟೆಯನ್ನು ನೋಡುತ್ತ ನಿಧಾನಕ್ಕೆ, “ಯಾರು ಮಾಡಿದ್ದು ಅಂತ ಕೇಳು” ಎಂದರು. ನನಗೆ ಭಯವಾಯಿತು. ಕೇಳಿದೆ.

ರಿಜ್ವಾನ್ ತಲೆ ಕೆರೆದುಕೊಂಡರು. ಹಂಡೆಗಳು ಮುರುಗನ ಗುಡಿಯವು. ಅಕ್ಕಿ ವಿಹಾರದ್ದು. ತೆಂಗಿನಕಾಯಿ ಮಸೀದಿಯ ತೋಟದ್ದು. ಬೇಳೆ ಬೇಯಿಸಿದ್ದು ಯಾರೋ, ಒಗ್ಗರಣೆ ಹಾಕಿದ್ದು ಇನ್ನಾರೋ. “ಯಾರು ಮಾಡಿದ್ದು ಅಂತ ಹೇಳೋದು ಕಷ್ಟ, ಅಮ್ಮಾ. ಮೀನು ಮಾಂಸ ಇಲ್ಲ, ಅದು ಮಾತ್ರ ಗೊತ್ತು.”

ಅದನ್ನು ಹಾಗೇ ಕನ್ನಡಕ್ಕೆ ತಂದು ಹೇಳಿದೆ. ನಮ್ಮವರು ಅಂಗಿಯೊಳಗಿನ ಲಿಂಗವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅನ್ನಕ್ಕೆ ಕೈ ಹಾಕಿದರು. ತಟ್ಟೆ ಖಾಲಿಯಾಗುವ ತನಕ ತಲೆ ಎತ್ತಲಿಲ್ಲ.

ರಸ್ತೆಯ ನಡುವೆ

ಊಟದ ನಂತರ ನಾನು ಬಡಿಸುವವರ ಜೊತೆ ಸೇರಿಕೊಂಡೆ. ಗಣಿತದ ಮೇಷ್ಟ್ರಮ್ಮನಿಗೆ ಸೌಟಿನ ಅಳತೆ ಬಾರದು. ಎಲ್ಲರಿಗೂ ಎರಡರಷ್ಟು ಬಡಿಸಿ, ಬದನೆಕಾಯಿ ಪಲ್ಯ ಹೊತ್ತಿಗೆ ಮುಂಚೆ ಖಾಲಿ ಮಾಡಿ, ಪ್ರೀತಿಯಿಂದ ಬೈಸಿಕೊಂಡೆ. ಒಂದು ಗಂಟೆ ಕಳೆದು ಬೆಂಚಿನ ಕಡೆ ನೋಡಿದರೆ ನಮ್ಮವರಿಲ್ಲ.

ಹೊರಗೆ ಓಡಿದೆ. ನಮ್ಮವರು ರಸ್ತೆಯ ನಟ್ಟ ನಡುವೆ ನಿಂತಿದ್ದರು. ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈ ನೇರ ಮುಂದಕ್ಕೆ. ಎರಡು ಬೆರಳು ಬಾಯಿಗಿಟ್ಟು ಊದಿದ ವಿಷಲ್ಲಿಗೆ ಎದುರಿನಿಂದ ಬಂದ ದೊಡ್ಡ ಕೆಂಪು ಬಸ್ಸು ಕೀರಲೆಂದು ನಿಂತಿತು.

“ಲೆಫ್ಟ್‌ಗೆ ಹಾಕೋ! ಹಾಂ, ಇನ್ನೂ ಲೆಫ್ಟು. ಇಳೀರಿ, ಇಳೀರಿ ಎಲ್ಲರೂ. ಊಟ ಮಾಡ್ಕೊಂಡ್ ಹೋಗ್ರಿ. ಡ್ರೈವರ್ ಸಾಹೇಬ್ರೇ, ನೀವೂ ಇಳೀರಿ!” ಅಚ್ಚ ಕನ್ನಡದಲ್ಲಿ. ಅರ್ಥವಾಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಬರಲಿಲ್ಲ, ಎಲ್ಲರೂ ಇಳಿದರು. ಅಷ್ಟರವರೆಗೆ ಬಸ್ಸುಗಳು ಅಡ್ಡಾದಿಡ್ಡಿ ನಿಂತು ಗಲಿಬಿಲಿಯಾಗುತ್ತಿದ್ದ ಜಾಗದಲ್ಲಿ ಈಗ ಬಸ್ಸಿಗೊಂದು ಸಾಲು, ವ್ಯಾನಿಗೊಂದು ಸಾಲು. ವಿಹಾರದ ಭಿಕ್ಷುಗಳು ಕಟ್ಟೆಯ ಮೇಲೆ ನಿಂತು ಬೆರಗಾಗಿ ನೋಡುತ್ತಿದ್ದರು. ರಿಜ್ವಾನ್ ನನ್ನ ಹತ್ತಿರ ಬಂದು, “ನಿಮ್ಮವರು ಪೊಲೀಸಾ?” ಎಂದು ಕೇಳಿದರು.

“ರೀ, ಸಾಕು ಬನ್ನಿ, ಬಿಸಿಲು!” ಎಂದು ಕೂಗಿದೆ.

“ನಲವತ್ತು ನಿಮಿಷದಿಂದ ಒಂದು ಬಸ್ಸನ್ನೂ ಬಿಟ್ಟಿಲ್ಲ ಕಣೇ ನಾನು!” ಎಂದು ಹೆಮ್ಮೆಯಿಂದ ಕೂಗಿದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಮ್ಮ ಮದುವೆಯ ಫೋಟೋದಲ್ಲೂ ನಾನು ನೋಡಿಲ್ಲ.

ಬುಟ್ಟಿಗಳಿಗೆ ದೀಪ ಹಚ್ಚುವ ಹೊತ್ತು

ಐದು ಗಂಟೆಯ ಮೇಲೆ ವಾಹನಗಳು ಕಡಿಮೆಯಾದವು. ನಾವಿಬ್ಬರೂ ರಿಜ್ವಾನ್ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಅವರು ಚಹಾ ತಂದುಕೊಟ್ಟು, ದೀಪದ ಬುಟ್ಟಿ ಕಟ್ಟಲು ಏಣಿ ಹತ್ತಿದರು. ನಮ್ಮವರು ಚಹಾ ಕುಡಿದು ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಇದ್ದರು.

“ಗಿರಿಜಾ, ನಾನು ಮಡಿ ಅಂತ ತಿನ್ನಲ್ಲ ಅಂತ ತಿಳ್ಕೊಂಡಿದೀಯ ಅಲ್ವಾ?”

“ಮತ್ತೆ?”

ಹೇಳಲು ಶುರುಮಾಡಿದರು. ರಾಣೆಬೆನ್ನೂರಿನಲ್ಲಿ ಅವರಿಗೆ ಹತ್ತು ವರ್ಷವಿದ್ದಾಗ ದಸ್ತಗೀರ ಎಂಬ ಗೆಳೆಯನಿದ್ದ. ಅಲಾಯಿ ಹಬ್ಬ, ಅಂದರೆ ಮೊಹರಂ ಬಂದಾಗ ದಸ್ತಗೀರನ ತಾಯಿ ಚೊಂಗೆ ಎಂಬ ಬೆಲ್ಲದ ಸಿಹಿ ರೊಟ್ಟಿ ಸುಟ್ಟಿದ್ದರು. ಇವರು ಅವರ ಮನೆಯಲ್ಲೇ ಕೂತು ಹೊಟ್ಟೆ ತುಂಬ ತಿಂದು, ಬಾಯಿಗೆ ಬೆಲ್ಲ ಮೆತ್ತಿಕೊಂಡು ಮನೆಗೆ ಬಂದರು. ಅಜ್ಜಿ ಕೆಂಡವಾದಳು. ಅಂಗಳದಲ್ಲಿ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿದು, ಬಾಯಿ ಉಜ್ಜಿ ಉಜ್ಜಿ ತೊಳೆದಳು. ಅದೇ ಹೊತ್ತಿಗೆ ದಸ್ತಗೀರ, ನಿಮ್ಮಜ್ಜಿಗೂ ಕೊಡು ಎಂದು ತಾಯಿ ಕಳಿಸಿದ್ದ ಚೊಂಗೆಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಎಲ್ಲಾ ನೋಡಿದ. ತಾಟು ಹಿಡ್ಕೊಂಡು ವಾಪಸ್ ಹೋದ. ಆಮೇಲೆ ಅವನಿಗೆ ಮುಖ ತೋರಿಸೋಕೆ ನಂಗೆ ಆಗ್ಲಿಲ್ಲ ಕಣೇ. ಎಲ್ಲೂ ತಿನ್ನೋದೇ ಬೇಡ ಅಂದ್ಕೊಂಡೆ. ಯಾರ ಮನೇಲೂ ತಿನ್ನದೇ ಇದ್ರೆ, ಇವರ ಮನೇಲಿ ತಿಂದ, ಅವರ ಮನೇದು ತೊಳ್ಕೊಂಡ ಅನ್ನೋ ಮಾತೇ ಬರಲ್ಲ ನೋಡು. ಆಮೇಲಾಮೇಲೆ ಅದೇ ರೂಢಿ ಆಗೋಯ್ತು.”

ಇಷ್ಟು ವರ್ಷ ಒಂದೇ ಒಲೆಯ ಅನ್ನ ತಿಂದರೂ ಈ ಮಾತು ಕೇಳಲು ಸಮುದ್ರ ದಾಟಬೇಕಾಯಿತಲ್ಲ ಎನಿಸಿ, “ಈಗ ಆ ದಸ್ತಗೀರಣ್ಣ ಎಲ್ಲಿದ್ದಾರೆ?” ಎಂದು ಮಾತ್ರ ಕೇಳಿದೆ.

“ಅಲ್ಲೇ. ಬೀಜದಂಗಡಿ ಇಟ್ಟಿದಾನಂತೆ.”

ರಾಣೆಬೆನ್ನೂರಿನಲ್ಲಿರುವ ಮೈದುನನಿಗೆ ನಾನೇ ಫೋನು ಮಾಡಿದೆ. ಐದು ನಿಮಿಷದಲ್ಲಿ ನಂಬರು ಬಂತು. ನಮ್ಮವರು ಬೇಡ ಬೇಡ ಎನ್ನುತ್ತಿರುವಾಗಲೇ ಒತ್ತಿ, ಸ್ಪೀಕರ್ ಹಾಕಿ, ಅವರ ಕೈಯಲ್ಲಿಟ್ಟೆ.

“ಯಾರ್ರೀ?” ಎಂದಿತು ಒಂದು ದಪ್ಪ ದನಿ.

“ನಾನು… ಶಿವಾನಂದ.”

“ಯಾವ ಶಿವಾನಂದಪ್ಪಾ?”

“ಅಗಸಿ ಓಣಿಯಾಂವ. ನಿಮ್ಮ ಮನ್ಯಾಗ ಚೊಂಗೆ ತಿಂದಾಂವ.” ಬೆಂಗಳೂರಿನ ಮಾತು ಕಳಚಿಬಿದ್ದು ಹುಟ್ಟೂರಿನ ಮಾತು ಬಂದಿತ್ತು.

ಏಣಿಯ ಮೇಲಿದ್ದ ರಿಜ್ವಾನ್ ಕೂಡ ತಿರುಗಿ ನೋಡುವಂತೆ ಫೋನು ಅಬ್ಬರಿಸಿತು. “ಶಿವ್ಯಾ! ಲೇ ಶಿವ್ಯಾ! ಇನ್ನೂ ಅದೀಯೇನಲೇ ಮಗನ!”

“ದಸ್ತಗೀರಾ, ಅವತ್ತು ನಮ್ಮಜ್ಜಿ… ನೀ ತಾಟು ಹಿಡಕೊಂಡು ನಿಂತಿದ್ದಿ…”

“ನಿಂತಿದ್ನಿ. ನೆನಪೈತಿ. ಆ ತಾಟಿನಾಗಿಂದೆಲ್ಲಾ ದಾರಿ ಮ್ಯಾಲ ನಾನಽ ತಿಂದು ಮುಗಿಸಿದ್ನಿ! ಮನ್ಯಾಗ ನಮ್ಮವ್ವ ಕೇಳಿದ್ಲು, ಅಜ್ಜಿ ತಗೊಂಡ್ಲೇನು ಅಂತ. ಹೂಂ, ಎಲ್ಲಾ ತಗೊಂಡ್ಲು, ಭಾಳ ಚಲೋ ಆಗ್ಯಾವು ಅಂದ್ಲು ಅಂತ ಹೇಳಿದ್ನಿ. ಸಾಯೂ ತನಕ ನಮ್ಮವ್ವ, ಆ ಅಜ್ಜಿಗೆ ನನ್ನ ಚೊಂಗೆ ಅಂದ್ರ ಪಂಚಪ್ರಾಣ ಅಂತ ಹೇಳಕೋತ ಅಡ್ಡಾಡಿದ್ಲು.”

ನಮ್ಮವರು ನಗಲು ಹೋದರು, ಅಳು ಬಂತು. ಅಳುವುದನ್ನು ನೋಡಿ ನನಗೂ ಬಂತು. ಆ ಕಡೆ ದಸ್ತಗೀರಣ್ಣ ನಗುತ್ತಲೇ ಇದ್ದರು.

“ಮತ್ತ ಎಲ್ಲಿಂದ ಮಾತಾಡಾಕತ್ತೀ? ಬೆಂಗಳೂರೇನು?”

“ಇಲ್ಲ. ಲಂಕಾದಿಂದ.”

“ಯಾವ ಲಂಕಾ?”

“ರಾವಣನ ಲಂಕಾ.”

“ಅಲ್ಲಲೇ, ಲಂಕಾಕ್ಕ ಹೋಗಿ ಫೋನ್ ಮಾಡ್ತೀಯಲ್ಲ, ರಾಣೆಬೆನ್ನೂರು ಅಷ್ಟು ದೂರ ಆಗಿತ್ತೇನು ನಿನಗ? ಇನ್ನೇನು ಅಲಾಯಿ ಹಬ್ಬ ಬರಾಕತ್ತೈತಿ. ನಮ್ಮ ಸೊಸಿ ಚೊಂಗೆ ಮಾಡ್ತಾಳ. ಹಲೋ? ಕೇಳ್ತೈತೋ ಇಲ್ಲೋ? ಹಲೋ, ಶಿವ್ಯಾ, ಅದೀಯೇನಲೇ?”

ರಸ್ತೆಯ ಉದ್ದಕ್ಕೂ ಒಂದೊಂದೇ ಬುಟ್ಟಿಗೆ ದೀಪ ಬೀಳುತ್ತಿತ್ತು. ನಮ್ಮವರು ತೋಳಿನಿಂದ ಕಣ್ಣು ಒರೆಸಿಕೊಂಡು ಫೋನನ್ನು ಬಾಯಿಯ ಹತ್ತಿರ ತಂದರು.

“ಅದೀನಿ,” ಎಂದರು. “ಬರ್ತೀನಲೇ. ಹೆಂಡತಿ ಕರಕೊಂಡು ಬರ್ತೀನಿ.”